ಕೋಣೆಯೂ ಒಂದು ವಾದ್ಯ: ಮನೆಯ ಸ್ಟೀರಿಯೊ, ಪ್ರತಿಧ್ವನಿ ಮತ್ತು ಕಿವಿಯ ಆರೋಗ್ಯ

ಊರು ಬಿಟ್ಟು ಮಹಾನಗರ ಸೇರಿದ ಕನ್ನಡ ಕುಟುಂಬಗಳಲ್ಲಿ ಮನೆಯ ಸಂಗೀತಪೆಟ್ಟಿಗೆಗೆ ವಿಶೇಷವಾದ ಸ್ಥಾನವುಂಟು. ದಿನವೆಲ್ಲ ಕಚೇರಿಯಲ್ಲಿ, ಬಸ್ಸಿನಲ್ಲಿ, ಲೋಕಲ್ ರೈಲಿನಲ್ಲಿ ಅನ್ಯ ಭಾಷೆಗಳನ್ನು ಕೇಳಿ ದಣಿದು ಬಂದ ಕಿವಿಗೆ ಸಂಜೆಯ ಹೊತ್ತು ಒಂದು ದಾಸರ ಪದವೋ, ಭಾವಗೀತೆಯೋ, ತಾಳಮದ್ದಳೆಯೋ ತಂಪೆರೆಯುತ್ತದೆ. ಗ್ರಾಮಫೋನ್ ತಟ್ಟೆ, ಕ್ಯಾಸೆಟ್, ಸಿ.ಡಿ.ಗಳನ್ನು ದಾಟಿ ಇಂದು ಮೊಬೈಲ್ ಫೋನಿನಿಂದಲೇ ಹಾಡು ಸ್ಪೀಕರಿಗೆ ಹರಿದುಬರುವ ಕಾಲ ಬಂದಿದೆ. ಸಾಧನಗಳು ಬದಲಾದರೂ ಅನೇಕ ಮನೆಗಳಲ್ಲಿ ಒಂದು ದೂರು ಮಾತ್ರ ಹಾಗೆಯೇ ಉಳಿದಿದೆ: ಬೆಲೆಯುಳ್ಳ ಸ್ಟೀರಿಯೊ ತಂದರೂ ಹಾಡು ಸ್ಪಷ್ಟವಾಗಿ ಕೇಳಿಸುವುದಿಲ್ಲ, ಬಾವಿಯೊಳಗಿನಿಂದ ಹಾಡಿದಂತೆ ಕೇಳಿಸುತ್ತದೆ.

ಇಂಥ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಮುಂಬಯಿಯ ಉಪನಗರದಲ್ಲಿ ಮಗನ ಹೊಸ ಫ್ಲ್ಯಾಟು. ನೆಲಕ್ಕೆ ನುಣುಪಾದ ಟೈಲು, ನಾಲ್ಕೂ ಕಡೆ ಗಾರೆಗೋಡೆ, ಮೇಲೆ ಕಾಂಕ್ರೀಟು ಚಾವಣಿ, ಒಂದು ಬದಿಗೆ ಅಗಲವಾದ ಗಾಜಿನ ಕಿಟಕಿ. ಧಾರವಾಡದಿಂದ ಬಂದ ವೃದ್ಧ ತಂದೆ ಭೀಮಸೇನ ಜೋಶಿಯವರ ದಾಸವಾಣಿಯನ್ನು ಹಾಕಿಕೊಂಡು ಕುಳಿತಿದ್ದಾರೆ. ಸ್ವರ ಕೇಳುತ್ತದೆ, ಸಾಹಿತ್ಯ ಹಿಡಿಯುವುದಿಲ್ಲ. ಧ್ವನಿಯನ್ನು ಏರಿಸುತ್ತಾರೆ, ಮತ್ತೂ ಏರಿಸುತ್ತಾರೆ. ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. “ಅಪ್ಪಾ, ಸ್ವಲ್ಪ ಸಣ್ಣ ಮಾಡ್ರಿ” ಎಂದು ಮಗ ಬೇಡಿಕೊಂಡರೆ ತಂದೆಯ ಉತ್ತರ: “ದೊಡ್ಡದಾಗೇನೋ ಕೇಳಸ್ತದ, ಆದ್ರ ಏನಂತಾರೋ ತಿಳಿಯೂದಿಲ್ಲಪಾ.” ತಂದೆಗೆ ಕಿವಿ ಮಂದವಾಯಿತೆಂದು ಮಗನೂ, ಯಂತ್ರ ಕೆಟ್ಟಿತೆಂದು ತಂದೆಯೂ ತೀರ್ಮಾನಿಸುತ್ತಾರೆ. ದೋಷದ ಬಹುಭಾಗ ಕೋಣೆಯಲ್ಲಿದೆ ಎಂಬ ಸಂಗತಿ ಇಬ್ಬರಿಗೂ ಹೊಳೆಯುವುದಿಲ್ಲ.

ಕೇಳುಗನ ಕಿವಿಗೆ ತಲಪುವ ಧ್ವನಿಯಲ್ಲಿ ಸ್ಪೀಕರಿನಿಂದ ನೇರವಾಗಿ ಬಂದುದು ಒಂದು ಪಾಲು ಮಾತ್ರ. ಬರಿಯ ಗೋಡೆಗಳ ಕೋಣೆಯಲ್ಲಿ ಉಳಿದ ದೊಡ್ಡ ಪಾಲು ಗೋಡೆ, ನೆಲ, ಚಾವಣಿಗಳಿಗೆ ಬಡಿದು ಮರಳಿ ಬಂದದ್ದು. ತಂಬೂರಿಗೆ ಬುರುಡೆಯಿದ್ದಂತೆ ಸ್ಟೀರಿಯೊವಿಗೆ ಕೋಣೆ. ಬುರುಡೆ ಸರಿಯಿಲ್ಲದ ತಂಬೂರಿಗೆ ಎಷ್ಟು ಒಳ್ಳೆಯ ತಂತಿ ಕಟ್ಟಿದರೇನು? ಆದುದರಿಂದ ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲು ಕೋಣೆಯನ್ನು ಸರಿಪಡಿಸುವುದು ವಿವೇಕ. ಇದರಿಂದ ಸಂಗೀತವೂ ಇಂಪಾಗುತ್ತದೆ, ಕಿವಿಯ ಆರೋಗ್ಯವೂ ಉಳಿಯುತ್ತದೆ.

ಪ್ರತಿಧ್ವನಿಯೂ ಅನುರಣನವೂ

ಜನರು ಸಾಮಾನ್ಯವಾಗಿ ಎರಡನ್ನೂ ಪ್ರತಿಧ್ವನಿಯೆಂದೇ ಕರೆಯುವುದು ರೂಢಿ. ಆದರೆ ಇವೆರಡರ ಭೇದವನ್ನು ಅರಿತರೆ ಪರಿಹಾರ ಸುಲಭವಾಗುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ನೋಡದ ಕನ್ನಡಿಗರು ವಿರಳ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 344 ಮೀಟರ್ ವೇಗದಲ್ಲಿ ಸಾಗುತ್ತದೆ. ಗ್ಯಾಲರಿಯ ಒಂದು ಬದಿಯಿಂದ ಕೂಗಿದರೆ ಶಬ್ದವು ಎದುರು ಬದಿಗೆ ಹೋಗಿ ಮರಳಲು, ಅಂದರೆ 76 ಮೀಟರ್ ಕ್ರಮಿಸಲು, ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಈ ಅಂತರ ಕಿವಿಗೆ ಸಾಕಾಗುವುದರಿಂದ ಕೂಗು ಬೇರೆ, ಮರುಕೂಗು ಬೇರೆ ಎಂದು ಸ್ಪಷ್ಟವಾಗಿ ಕೇಳುತ್ತದೆ. ಇದು ನಿಜವಾದ ಪ್ರತಿಧ್ವನಿ.

ಮನೆಯ ಹಾಲ್ ನಾಲ್ಕೂವರೆ ಮೀಟರ್ ಉದ್ದವಿದ್ದರೆ ಶಬ್ದ ಹೋಗಿ ಮರಳುವ ದಾರಿ ಒಂಬತ್ತು ಮೀಟರ್. ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ 26 ಭಾಗ ಮಾತ್ರ. ಇಷ್ಟು ಬೇಗ ಬಂದ ಮರುಧ್ವನಿಯನ್ನು ಕಿವಿ ಬೇರ್ಪಡಿಸಲಾರದು, ಮೂಲಧ್ವನಿಯೊಡನೆ ಕಲಸಿಬಿಡುತ್ತದೆ. ಶಬ್ದವು ಒಂದೇ ಸಲ ಮರಳಿ ನಿಲ್ಲುವುದಿಲ್ಲ. ಗೋಡೆಯಿಂದ ಗೋಡೆಗೆ, ನೆಲದಿಂದ ಚಾವಣಿಗೆ ನೂರಾರು ಸಲ ಪುಟಿಯುತ್ತ, ಪ್ರತಿ ಪುಟಿತಕ್ಕೂ ಸ್ವಲ್ಪ ಸ್ವಲ್ಪವೇ ಕ್ಷೀಣಿಸುತ್ತ ಹೋಗುತ್ತದೆ. ಗಂಟೆ ಬಾರಿಸಿ ಕೈ ತೆಗೆದ ಮೇಲೂ ಉಳಿಯುವ ಗುಂಯ್‌ಗಾರದಂತೆ ಕೋಣೆಯಲ್ಲಿ ಉಳಿಯುವ ಈ ಬಾಲಕ್ಕೆ ಅನುರಣನವೆಂದು ಹೆಸರು. ಧ್ವನಿಯು 60 ಡೆಸಿಬೆಲ್‌ನಷ್ಟು, ಅಂದರೆ ಶಕ್ತಿಯಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಇಳಿಯಲು ಬೇಕಾಗುವ ಕಾಲವನ್ನು ಅನುರಣನ ಕಾಲವೆನ್ನುತ್ತಾರೆ. ಮನೆಯ ಹಾಲ್‌ನಲ್ಲಿ ಈ ಕಾಲ ಸುಮಾರು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಹಾಡೂ ಮಾತೂ ಹಿತವಾಗಿ ಕೇಳುತ್ತವೆ.

ನಮ್ಮ ಹಳೆಯ ಮನೆಗಳಲ್ಲಿ ಈ ತೊಡಕು ಇರಲಿಲ್ಲ. ತೊಟ್ಟಿಯ ಮನೆಯಲ್ಲಿ ಶಬ್ದಕ್ಕೆ ಆಕಾಶದತ್ತ ಹೊರದಾರಿಯಿತ್ತು. ಮಂಗಳೂರು ಹೆಂಚಿನ ಮಾಡಿನ ಸಂದುಗಳು, ಮಣ್ಣಿನ ಗೋಡೆ, ಮೂಲೆಯಲ್ಲಿ ಒಟ್ಟಿದ ಭತ್ತದ ಮೂಟೆ, ಹಾಸಿಗೆಯ ಸುರುಳಿ ಇವೆಲ್ಲ ಶಬ್ದವನ್ನು ನುಂಗುತ್ತಿದ್ದವು. ನಗರದ ಫ್ಲ್ಯಾಟಿನಲ್ಲಿ ಕಾಂಕ್ರೀಟು, ಟೈಲು, ಗಾಜು ಇವೇ ಪ್ರಧಾನ. ಇವು ತಮಗೆ ಬಡಿದ ಶಬ್ದದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲನ್ನು ಹಿಂದಿರುಗಿಸುತ್ತವೆ.

ಸೇಬಿನ್ ಕಂಡುಹಿಡಿದ ಲೆಕ್ಕ

ಈ ವಿಷಯವನ್ನು ಶಾಸ್ತ್ರವಾಗಿ ರೂಪಿಸಿದ ಕೀರ್ತಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್ (1868–1919) ಅವರಿಗೆ ಸಲ್ಲುತ್ತದೆ. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಉಳಿಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಹತ್ತಾರು ಪದಗಳನ್ನು ಆಡಿರುತ್ತಿದ್ದುದರಿಂದ ವಿದ್ಯಾರ್ಥಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಇದಕ್ಕೆ ಪರಿಹಾರ ಹುಡುಕುವ ಹೊಣೆ ಸೇಬಿನ್ನರಿಗೆ ಬಂತು. ನಗರದ ಗದ್ದಲ ಅಡಗಿದ ರಾತ್ರಿಯ ಹೊತ್ತಿನಲ್ಲಿ ಅವರು ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತರಿಸಿ, ಆರ್ಗನ್ ವಾದ್ಯದ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಶಬ್ದ ಅಡಗಲು ಹಿಡಿಯುವ ಕಾಲವನ್ನು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಕಾಲ ಇಳಿಯುತ್ತ ಬಂದು ಸುಮಾರು ಒಂದು ಸೆಕೆಂಡಿಗೆ ತಲಪಿತು. ತಾವು ತೊಟ್ಟ ಬಟ್ಟೆ ಕೂಡ ಶಬ್ದವನ್ನು ಹೀರುತ್ತದೆಂದು ಕಂಡುಕೊಂಡು, ಪ್ರಯೋಗದ ದಿನಗಳಲ್ಲಿ ಒಂದೇ ಬಗೆಯ ಉಡುಪನ್ನು ಧರಿಸುತ್ತಿದ್ದರಂತೆ. ಮುಂದೆ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಅವರ ಲೆಕ್ಕವನ್ನು ಆಧರಿಸಿ ಕಟ್ಟಿದ ಪ್ರಸಿದ್ಧ ಸಂಗೀತಶಾಲೆ.

ಸೇಬಿನ್ನರ ಸೂತ್ರ ಸರಳ. ಕೋಣೆಯ ಘನಮೀಟರ್ ಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರಿಕೆಯ ಅಳತೆಗೋಲು ತೆರೆದ ಕಿಟಕಿ. ಒಂದು ಚದರ ಮೀಟರ್ ತೆರೆದ ಕಿಟಕಿಯಿಂದ ಹೊರಬಿದ್ದ ಶಬ್ದ ಮರಳಿ ಬರುವುದಿಲ್ಲವಾದ್ದರಿಂದ ಅದರ ಹೀರಿಕೆ ಒಂದು ಎಂದು ಎಣಿಕೆ.

ಮೇಲೆ ಹೇಳಿದ ಫ್ಲ್ಯಾಟಿನ ಹಾಲ್ ನಾಲ್ಕೂವರೆ ಮೀಟರ್ ಉದ್ದ, ಮೂರು ಮೀಟರ್ ಅಗಲ, 2.8 ಮೀಟರ್ ಎತ್ತರವಿದೆಯೆಂದು ಇಟ್ಟುಕೊಳ್ಳೋಣ. ಗಾತ್ರ ಸುಮಾರು 38 ಘನಮೀಟರ್. ನೆಲ, ಗೋಡೆ, ಚಾವಣಿ ಸೇರಿ ಮೇಲ್ಮೈ 69 ಚದರ ಮೀಟರ್. ಇವು ನೂರಕ್ಕೆ ಮೂರು ಪಾಲು ಮಾತ್ರ ಹೀರುವುದಾದರೆ ಒಟ್ಟು ಹೀರಿಕೆ ಎರಡಕ್ಕೆ ಸಮೀಪ. ಬರಿಯ ಕೋಣೆಯ ಅನುರಣನ ಕಾಲ ಸುಮಾರು ಮೂರು ಸೆಕೆಂಡು! ಇದನ್ನು ಅರ್ಧ ಸೆಕೆಂಡಿಗೆ ಇಳಿಸಲು ಹೀರಿಕೆ ಹನ್ನೆರಡಕ್ಕೆ ಏರಬೇಕು. ಮೆತ್ತೆಯ ಸೋಫಾ ಮತ್ತು ಎರಡು ಕುರ್ಚಿಗಳಿಂದ ಎರಡೂವರೆ, ಆರು ಚದರ ಮೀಟರ್‌ನಷ್ಟು ನೆರಿಗೆಯುಳ್ಳ ದಪ್ಪ ಪರದೆಯಿಂದ ಮೂರು, ಅಷ್ಟೇ ವಿಸ್ತೀರ್ಣದ ದಪ್ಪ ರತ್ನಗಂಬಳಿಯಿಂದ ಎರಡರ ಹತ್ತಿರ, ಗೋಡೆಗೆ ತೂಗಿದ ನಾಲ್ಕು ಚದರ ಮೀಟರ್ ದಪ್ಪ ಕೌದಿಯಿಂದ ಎರಡು, ಕುಳಿತ ಮೂವರಿಂದ ಒಂದೂಕಾಲು: ಎಲ್ಲ ಸೇರಿ ಹನ್ನೆರಡನ್ನು ಮುಟ್ಟಿತು. ಈ ಅಂಕಿಗಳು ಮಧ್ಯಮ ಸ್ಥಾಯಿಯ ಧ್ವನಿಗೆ ಅನ್ವಯಿಸುವ ಸ್ಥೂಲ ಅಂದಾಜುಗಳೇ ಸರಿ. ಆದರೂ ಮನೆಯಲ್ಲಿರುವ ವಸ್ತುಗಳಿಂದಲೇ ಕಾರ್ಯ ಸಾಧ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಧ್ವನಿ ಏರಿಸಿದರೆ ಸ್ಪಷ್ಟವಾಗದೇಕೆ?

ಮಾತಿನಲ್ಲಿ ಸ್ವರಾಕ್ಷರಗಳು ಬಲಿಷ್ಠ, ವ್ಯಂಜನಗಳು ದುರ್ಬಲ. ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಈ ನಾಲ್ಕು ಪದಗಳಲ್ಲಿ ಬೇರೆಯಾಗಿರುವುದು ಮೊದಲಿನ ವ್ಯಂಜನ ಮಾತ್ರ. ಅದು ಕ್ಷಣಮಾತ್ರದಲ್ಲಿ ಮುಗಿಯುವ, ಶಕ್ತಿ ಕಡಿಮೆಯಿರುವ, ಬಹುಪಾಲು ತಾರಸ್ಥಾಯಿಯಲ್ಲಿರುವ ಶಬ್ದ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಿಂದಲೇ ಮುಗಿಯುತ್ತವೆ. ಅನುರಣನವುಳ್ಳ ಕೋಣೆಯಲ್ಲಿ ಹಿಂದಿನ ಪದದ ಕೊನೆಯ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಮುಂದಿನ ಪದದ ವ್ಯಂಜನ ಬಂದು ಅದರಡಿ ಹೂತುಹೋಗುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ಥಾಯಿಯ ಸೂಕ್ಷ್ಮತೆಯನ್ನು. ಆದುದರಿಂದ ಹರೆಯದವರಿಗೆ ಅಲ್ಪಸ್ವಲ್ಪ ತಿಳಿಯುವ ಸಾಹಿತ್ಯ ಹಿರಿಯರಿಗೆ ಪೂರ್ತಿ ಕೈತಪ್ಪುತ್ತದೆ.

ಧ್ವನಿ ಏರಿಸಿದರೆ ನೇರಧ್ವನಿಯೂ ಅನುರಣನವೂ ಸಮಪ್ರಮಾಣದಲ್ಲಿ ಏರುತ್ತವೆ. ಒಂದಕ್ಕೊಂದರ ಅನುಪಾತ ಬದಲಾಗುವುದಿಲ್ಲ, ಸ್ಪಷ್ಟತೆಯೂ ಬರುವುದಿಲ್ಲ. ಧಾರವಾಡದ ಆ ಹಿರಿಯರ ಮಾತಿನಲ್ಲಿ ಈ ತತ್ತ್ವವೇ ಅಡಗಿದೆ. ಸ್ಪಷ್ಟತೆ ಬೇಕಾದರೆ ಎರಡೇ ದಾರಿ: ನೇರಧ್ವನಿಗೆ ಸಮೀಪವಾಗುವುದು, ಅನುರಣನವನ್ನು ಕಡಿಮೆ ಮಾಡುವುದು.

ಖರ್ಚಿಲ್ಲದ ಮೊದಲ ಉಪಾಯ: ಸ್ಥಾನ

ಸ್ಪೀಕರಿನಿಂದ ದೂರ ಎರಡರಷ್ಟಾದಾಗ ನೇರಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಅನುರಣನ ಮಾತ್ರ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆದ್ದರಿಂದ ನಾಲ್ಕು ಮೀಟರ್ ದೂರದ ಸೋಫಾದಲ್ಲಿ ಒರಗಿ ಕೇಳುವವರು ಎರಡು ಮೀಟರ್ ಅಂತರಕ್ಕೆ ಬಂದು ಕುಳಿತರೆ ಒಡನೆಯೇ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ಒಂದು ಬಿಡಿಗಾಸೂ ಬೇಡ.

ಸ್ಟೀರಿಯೊ ಎಂದರೆ ಎರಡು ಸ್ಪೀಕರ್‌ಗಳ ಸಹಯೋಗ. ಬ್ರಿಟಿಷ್ ತಂತ್ರಜ್ಞ ಅಲನ್ ಬ್ಲಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಈ ವಿಧಾನದ ಗುಟ್ಟು, ಎರಡು ಕಿವಿಗಳಿಗೆ ತಲಪುವ ಧ್ವನಿಗಳ ನಡುವಿನ ಸೂಕ್ಷ್ಮ ಭೇದದಲ್ಲಿದೆ. ಗಾಯಕರು ನಡುವೆ, ತಬಲಾ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ ಇರುವಂತೆ ಭಾಸವಾಗಬೇಕಾದರೆ ಎರಡು ಸ್ಪೀಕರ್‌ಗಳೂ ಕೇಳುಗನೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿರುವಂತೆ ನೋಡಿಕೊಳ್ಳಬೇಕು. ಉದಾಹರಣೆಯ ಹಾಲ್‌ನಲ್ಲಿ ಕಿರಿಯ ಗೋಡೆಯ ಕಡೆ ಸ್ಪೀಕರ್‌ಗಳನ್ನಿಟ್ಟು, ಅವುಗಳ ನಡುವೆ 1.8 ಮೀಟರ್, ಹಿಂಬದಿಯ ಗೋಡೆಯಿಂದ 90 ಸೆಂಟಿಮೀಟರ್, ಪಕ್ಕದ ಗೋಡೆಗಳಿಂದ ತಲಾ 60 ಸೆಂಟಿಮೀಟರ್ ಬಿಡಬೇಕು. ಕೇಳುವವರು ಸುಮಾರು ಎರಡು ಮೀಟರ್ ದೂರದಲ್ಲಿ ಕುಳಿತರೆ ಬೆನ್ನ ಹಿಂದೆ ಇನ್ನೂ 1.8 ಮೀಟರ್ ಉಳಿಯುತ್ತದೆ. ಸದಾಕಾಲ ಹೀಗೆ ಇಡಲು ಚಿಕ್ಕ ಮನೆಯಲ್ಲಿ ಆಸ್ಪದವಿರದು. ಕೇಳುವ ಹೊತ್ತಿಗೆ ಕುರ್ಚಿಯನ್ನೂ ಸ್ಪೀಕರ್‌ಗಳನ್ನೂ ಮುಂದಕ್ಕೆ ಸರಿಸಿಕೊಂಡು ಆಮೇಲೆ ಹಿಂದಕ್ಕಿಟ್ಟರಾಯಿತು.

ಇನ್ನು ಕೆಲವು ಸೂಚನೆಗಳು. ಸ್ಪೀಕರಿನ ಚಿಕ್ಕ ಬಿಲ್ಲೆ, ಎಂದರೆ ಟ್ವೀಟರ್, ಕುಳಿತವರ ಕಿವಿಯ ಎತ್ತರಕ್ಕಿರಲಿ. ಷೋಕೇಸಿನ ಖಾನೆಯೊಳಗೆ ಸ್ಪೀಕರನ್ನು ತುರುಕಬಾರದು, ಖಾನೆಯೇ ಗುಂಯ್‌ಗುಟ್ಟತೊಡಗುತ್ತದೆ. ಮೂಲೆಯಲ್ಲಿಟ್ಟರೆ ಎರಡು ಗೋಡೆ ಹಾಗೂ ನೆಲ ಸೇರಿ ಮಂದ್ರಧ್ವನಿಯನ್ನು ಮಿತಿಮೀರಿ ಹಿಗ್ಗಿಸುತ್ತವೆ. ಒಂದು ಸ್ಪೀಕರಿನ ಪಕ್ಕ ಗೋಡೆ, ಇನ್ನೊಂದರ ಪಕ್ಕ ಊಟದ ಮನೆಗೆ ಹೋಗುವ ತೆರವು ಇದ್ದರೆ ಗಾಯಕರು ಗೋಡೆಯ ಕಡೆಗೆ ವಾಲಿದಂತೆ ಕೇಳುತ್ತದೆ. ಆಗ ಗೋಡೆಯ ಕಡೆ ಮೆತ್ತನೆಯ ವಸ್ತು ತೂಗಿ, ಬ್ಯಾಲೆನ್ಸ್ ಗುಂಡಿಯನ್ನು ತುಸು ತಿರುಗಿಸಿ ಸರಿದೂಗಿಸಬೇಕು.

ಎರಡನೆಯ ಉಪಾಯ: ಮೆತ್ತನೆಯ ವಸ್ತುಗಳು

ಹೀರುವ ವಸ್ತುಗಳನ್ನು ಎಲ್ಲೆಂದರಲ್ಲಿ ಹಾಕುವುದಕ್ಕಿಂತ ಮೊದಲ ಪುಟಿತದ ಸ್ಥಾನದಲ್ಲಿ ಹಾಕುವುದು ಮೇಲು. ಅದನ್ನು ಕಂಡುಹಿಡಿಯಲು ಒಂದು ಕೈಗನ್ನಡಿ ಸಾಕು. ಒಬ್ಬರು ಕೇಳುವ ಕುರ್ಚಿಯಲ್ಲಿ ಕುಳಿತಿರಬೇಕು. ಇನ್ನೊಬ್ಬರು ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿಹಿಡಿದು ಮೆಲ್ಲಗೆ ಸರಿಸುತ್ತ ಹೋಗಬೇಕು. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣಿಸುವುದೋ ಅಲ್ಲಿಂದಲೇ ಧ್ವನಿ ಮೊದಲು ಪುಟಿದು ಕಿವಿಗೆ ಬರುತ್ತದೆ. ಅಲ್ಲಿಗೆ ಒಂದು ಗುರುತು ಮಾಡಿ, ಎದುರು ಗೋಡೆಯಲ್ಲಿಯೂ ಹಾಗೆಯೇ ಮಾಡಬೇಕು. ಮಕ್ಕಳಿಗೆ ಈ ಕೆಲಸ ಆಟದಂತೆ ಹಿಡಿಸುತ್ತದೆ. ಬೆಳಕಿಗೂ ಶಬ್ದಕ್ಕೂ ಪ್ರತಿಫಲನದ ನಿಯಮ ಒಂದೇ ಎಂಬ ಪಾಠವೂ ಆಗುತ್ತದೆ.

ಗುರುತಿನ ಸ್ಥಾನದಲ್ಲಿ ತೂಗಲು ಉತ್ತರ ಕರ್ನಾಟಕದ ಕೌದಿಗಿಂತ ಯೋಗ್ಯವಾದ ವಸ್ತು ಅಪರೂಪ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು ಕೈಯಿಂದ ಹೊಲಿದ ಕೌದಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಐದು ಸೆಂಟಿಮೀಟರ್ ದೂರದಲ್ಲಿ ಒಂದು ಕೋಲಿಗೆ ತೂಗಿದರೆ ನೋಟಕ್ಕೂ ಚೆಂದ, ಕಿವಿಗೂ ಹಿತ. ಅಜ್ಜಿ ಹೊಲಿದುಕೊಟ್ಟ ಕೌದಿ ಟ್ರಂಕಿನ ತಳದಲ್ಲಿ ಮಡಿಚಿಬಿದ್ದಿರುವ ಮನೆಗಳು ಎಷ್ಟೋ ಇವೆ. ಕರಿಯ ಕಂಬಳಿಯೂ ಈ ಕೆಲಸಕ್ಕೆ ಒದಗುತ್ತದೆ. ಗೋಡೆಗೂ ಬಟ್ಟೆಗೂ ನಡುವೆ ತೆರಪು ಬಿಡುವುದು ಮುಖ್ಯ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣಗಳ ಚಲನೆ ನಿಂತಿರುತ್ತದೆ. ಸ್ವಲ್ಪ ಈಚೆಗೆ ಅವು ಚಲಿಸುತ್ತವೆ. ನೂಲಿನ ಎಳೆಗಳು ಆ ಚಲನೆಯನ್ನು ತಡೆದು ಶಬ್ದವನ್ನು ಅತ್ಯಲ್ಪ ಉಷ್ಣವಾಗಿ ಮಾರ್ಪಡಿಸುತ್ತವೆ.

ಕಿಟಕಿಯ ಪರದೆ ಕಿಟಕಿಯ ಅಗಲಕ್ಕಿಂತ ಎರಡರಷ್ಟು ಬಟ್ಟೆಯಿಂದ ನೆರಿಗೆಯಾಗಿ ಇಳಿಬಿದ್ದಿರಬೇಕು. ತೆಳುವಾದ ಜಾಲರಿ ಪರದೆಯಿಂದ ಪ್ರಯೋಜನ ಕಡಿಮೆ. ಸ್ಪೀಕರಿಗೂ ಕುರ್ಚಿಗೂ ನಡುವಿನ ನೆಲದ ಮೇಲೆ ದಪ್ಪ ರತ್ನಗಂಬಳಿ, ಅದಿಲ್ಲದಿದ್ದರೆ ಎರಡು ಜಮಖಾನಗಳನ್ನು ಒಂದರ ಮೇಲೊಂದು ಹಾಸಬೇಕು. ಕೇಳುವವರ ಹಿಂದೆ ಪುಸ್ತಕಗಳ ತೆರೆದ ಕಪಾಟು ಇದ್ದರೆ ಬಹಳ ಒಳ್ಳೆಯದು. ಏರುತಗ್ಗಾಗಿ ಜೋಡಿಸಿದ ಪುಸ್ತಕಗಳು ಧ್ವನಿಯನ್ನು ಸ್ವಲ್ಪ ಹೀರಿ, ಉಳಿದದ್ದನ್ನು ನಾನಾ ದಿಕ್ಕುಗಳಿಗೆ ಚದರಿಸುತ್ತವೆ.

ಇಷ್ಟಾದ ಮೇಲೂ ಕೊರತೆ ಕಂಡರೆ ಮರದ ಚೌಕಟ್ಟಿನಲ್ಲಿ ಐದು ಸೆಂಟಿಮೀಟರ್ ದಪ್ಪದ ರಾಕ್‌ವುಲ್ ಹಲಗೆಯನ್ನು ಕೂರಿಸಿ, ಖಾದಿ ಬಟ್ಟೆ ಹೊದಿಸಿ, ಬಡಗಿಯಿಂದ ಫಲಕಗಳನ್ನು ಮಾಡಿಸಬಹುದು. ಅದರ ಎಳೆಗಳು ಚರ್ಮಕ್ಕೂ ಗಂಟಲಿಗೂ ತುರಿಕೆ ತರುವುದರಿಂದ ಕೆಲಸ ಮಾಡುವಾಗ ಮುಖಕ್ಕೆ ಮಾಸ್ಕೂ ಕೈಗವುಸೂ ಬೇಕು. ಬಟ್ಟೆಯನ್ನು ಹಿಂಬದಿಯೂ ಸೇರಿ ಪೂರ್ತಿ ಮುಚ್ಚಿ ಹೊಲಿಸಬೇಕು.

ಗುಡುಗುವ ಮಂದ್ರಧ್ವನಿ

ಬಟ್ಟೆ, ಕಂಬಳಿಗಳು ಮಧ್ಯಮ ಹಾಗೂ ತಾರಧ್ವನಿಗಳನ್ನು ಹೀರುತ್ತವೆ. ಮಂದ್ರಧ್ವನಿಯ ಮೇಲೆ ಅವುಗಳ ಪ್ರಭಾವ ಅತ್ಯಲ್ಪ. 60 ಹರ್ಟ್ಸ್ ಧ್ವನಿಯ ಒಂದು ಅಲೆ ಐದೂಮುಕ್ಕಾಲು ಮೀಟರ್ ಉದ್ದವಿರುತ್ತದೆ. ಅದಕ್ಕೆ ಒಂದು ಅಂಗುಲದ ಕಂಬಳಿ ಯಾವ ಲೆಕ್ಕ? ಅಲೆಯ ಅರ್ಧ ಉದ್ದವು ಎರಡು ಗೋಡೆಗಳ ಅಂತರಕ್ಕೆ ಸರಿಹೊಂದಿದಾಗ ಆ ಸ್ವರ ಕೋಣೆಯಲ್ಲಿ ನಿಂತು ಮೊಳಗುತ್ತದೆ. ಉದಾಹರಣೆಯ ಹಾಲ್‌ನಲ್ಲಿ ಉದ್ದಕ್ಕೆ 38, ಅಗಲಕ್ಕೆ 57, ಎತ್ತರಕ್ಕೆ 61 ಹರ್ಟ್ಸ್ ಇಂಥ ಸ್ವರಗಳು. ಕೊನೆಯ ಎರಡು ಬಹಳ ಸಮೀಪವಿರುವುದರಿಂದ 60ರ ಆಸುಪಾಸಿನ ಧ್ವನಿ ಇಮ್ಮಡಿಯಾಗಿ ಉಬ್ಬುತ್ತದೆ. ತಬಲದ ಎಡಗೈ ಪೆಟ್ಟು ಗುಡುಗಿನಂತೆ ಎಳೆದುಕೊಂಡುಹೋಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವ ಚಚ್ಚೌಕ ಕೋಣೆ ಸಂಗೀತಕ್ಕೆ ಎಲ್ಲಕ್ಕಿಂತ ಕೆಟ್ಟದ್ದು.

ಇದಕ್ಕೆ ಮೊದಲ ಮದ್ದು ಆಸನವನ್ನು ಬದಲಿಸುವುದು. ಗೋಡೆಗೆ ಒತ್ತಿ ಕುಳಿತವರಿಗೆ ಈ ಗುಡುಗು ಅತ್ಯಧಿಕ. ಕೋಣೆಯ ಸರಿಮಧ್ಯದಲ್ಲಿ ಕೆಲವು ಮಂದ್ರಸ್ವರಗಳು ಮಾಯವಾಗುತ್ತವೆ. ಇವೆರಡರ ನಡುವಿನ ಸ್ಥಾನ ಹಿತಕರ. ಎರಡನೆಯದಾಗಿ ಬಾಸ್ ಗುಂಡಿಯನ್ನು ಇಳಿಸಬೇಕು. ಸ್ಪೀಕರಿನ ಪೆಟ್ಟಿಗೆಗೆ ಹಿಂಬದಿ ರಂಧ್ರವಿದ್ದು ಗುಡುಗು ಹೆಚ್ಚಿದರೆ ಅದಕ್ಕೆ ಒಂದು ಕಾಲುಚೀಲವನ್ನು ಹಗುರವಾಗಿ ತುರುಕಿ ಪರೀಕ್ಷಿಸಬಹುದು. ಮೂರನೆಯದಾಗಿ, ಹತ್ತಿಯ ದಪ್ಪ ಹಾಸಿಗೆಗಳನ್ನು ಸುರುಳಿ ಸುತ್ತಿ ಕೋಣೆಯ ಮೂಲೆಗಳಲ್ಲಿ ನಿಲ್ಲಿಸಿದರೆ ಗುಡುಗು ಸ್ವಲ್ಪ ಮಟ್ಟಿಗೆ ತಗ್ಗುತ್ತದೆ.

ತಪ್ಪು ಕಲ್ಪನೆಗಳು

ಗೋಡೆಗೆ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸಿದರೆ ಸ್ಟುಡಿಯೊ ಆಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ತೆಳು ರಟ್ಟು ಹೀರುವುದು ಅತ್ಯಲ್ಪ, ಬೆಂಕಿಗೆ ಮಾತ್ರ ಒಳ್ಳೆಯ ಆಹಾರ. ಥರ್ಮೊಕೋಲಿನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳನುಗ್ಗದು, ಶಬ್ದವೂ ಹೀರಲ್ಪಡದು. ಹೊತ್ತಿಕೊಳ್ಳುವ ಅಗ್ಗದ ಫೋಮಿನ ಹಾಳೆಗಳನ್ನು ಮನೆಯ ಗೋಡೆಗೆ ಮೆತ್ತುವುದು ಅಪಾಯಕಾರಿ. ಎಲ್ಲ ಗೋಡೆಗಳಿಗೂ ಕಂಬಳಿ ಹೊದಿಸುವುದೂ ಸಲ್ಲದು. ತಾರಧ್ವನಿ ಸತ್ತು ಮಂದ್ರಧ್ವನಿ ಉಳಿದು, ಹಾಡು ಮೂಟೆಯೊಳಗೆ ಕಟ್ಟಿಟ್ಟಂತೆ ಮಂಕಾಗುತ್ತದೆ. ಅರ್ಧ ಕೋಣೆ ಮೆತ್ತಗೆ, ಅರ್ಧ ಗಟ್ಟಿ ಇದ್ದರೆ ಸಾಕು.

ಇನ್ನೊಂದು ಭ್ರಮೆ, ಪರದೆ ಹಾಕಿದರೆ ಶಬ್ದ ನೆರೆಮನೆಗೆ ಹೋಗುವುದಿಲ್ಲವೆಂಬುದು. ಗೋಡೆಯನ್ನು ದಾಟುವ ಶಬ್ದವನ್ನು ತಡೆಯಲು ಭಾರ ಬೇಕು, ಸಂದುಗಳು ಮುಚ್ಚಿರಬೇಕು. ಬಟ್ಟೆಗೆ ಆ ಶಕ್ತಿಯಿಲ್ಲ. ಆದರೆ ಪರೋಕ್ಷವಾದ ಲಾಭವುಂಟು: ಸ್ಪಷ್ಟವಾಗಿ ಕೇಳಿಸಿದಾಗ ಧ್ವನಿಯನ್ನು ಏರಿಸುವ ಅಗತ್ಯವೇ ಬೀಳದು. ಸ್ಪೀಕರಿನ ಕೆಳಗೆ ದಪ್ಪ ರಬ್ಬರ್ ತುಂಡುಗಳನ್ನಿಟ್ಟರೆ ಕಂಪನ ನೆಲದ ಮೂಲಕ ಕೆಳಮನೆಗೆ ಇಳಿಯುವುದೂ ಕಡಿಮೆಯಾಗುತ್ತದೆ.

ಆರೋಗ್ಯದ ದೃಷ್ಟಿ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕರು ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಟ್ಟದವರೆಗೆ ಆಲಿಸಬಹುದು. ಮಕ್ಕಳಿಗೆ ಆ ಮಿತಿ 75 ಡೆಸಿಬೆಲ್. ಇದು ಖಾಸಗಿ ಆಲಿಕೆಯ ಸಾಧನಗಳಿಗಾಗಿ ರೂಪಿಸಿದ ಅಳತೆಯಾದರೂ, ಕಿವಿಯ ದೃಷ್ಟಿಯಿಂದ ಶಬ್ದ ಎಲ್ಲಿಂದ ಬಂದರೂ ಒಂದೇ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಕಾಲ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸ್ಟೀರಿಯೊ ನುಡಿಯುತ್ತಿರುವಾಗ ಒಂದು ಮೀಟರ್ ಅಂತರದಲ್ಲಿರುವವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಶಬ್ದ ಮಿತಿಮೀರಿದೆಯೆಂದೇ ತಿಳಿಯಬೇಕು. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿದೆ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ.

ಹಾಸಿದ್ದು, ತೂಗಿದ್ದು ಎಲ್ಲವೂ ಧೂಳು ಹಿಡಿಯುತ್ತದೆಂಬುದನ್ನು ಮರೆಯಲಾಗದು. ಧೂಳಿನ ನುಸಿಯಿಂದ ಉಬ್ಬಸ, ನೆಗಡಿ ಬರುವವರಿರುವ ಮನೆಯಲ್ಲಿ ರತ್ನಗಂಬಳಿಯ ಬದಲು ಒಗೆಯಲು ಬರುವ ಜಮಖಾನ, ಕೌದಿ, ಹತ್ತಿಯ ಪರದೆಗಳೇ ಉತ್ತಮ. ಅವುಗಳನ್ನು ಆಗಾಗ್ಗೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಹಾಕಬೇಕು. ಮುಂಬಯಿ, ಚೆನ್ನೈಗಳಂಥ ಕಡಲತೀರದ ನಗರಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದರಿಂದ ತೂಗುಬಟ್ಟೆಯನ್ನು ಹೊರಗೋಡೆಗೆ ಅಂಟಿಸದೆ ಗಾಳಿಯಾಡಲು ಬಿಡಬೇಕು.

ಕೋಣೆಯನ್ನು ಸರಿಪಡಿಸಿದ ಮೇಲೂ ಹಿರಿಯರು ಎದುರಿನವರ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ಕಿವಿಯಲ್ಲಿ ಸದಾ ಮೊರೆತವಿದ್ದರೆ ತಡಮಾಡದೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಂಡು ಶ್ರವಣಪರೀಕ್ಷೆ ಮಾಡಿಸಬೇಕು. ಅನೇಕ ಸಂದರ್ಭಗಳಲ್ಲಿ ಕಿವಿಯ ಗುಗ್ಗೆಯನ್ನು ತೆಗೆಸುವುದರಿಂದಲೇ ಗುಣ ಕಾಣುತ್ತದೆ. ಶ್ರವಣಯಂತ್ರ ಬಳಸುವವರಿಗಂತೂ ಅನುರಣನ ಬಹಳ ತೊಂದರೆ ಕೊಡುತ್ತದೆ; ಯಂತ್ರವು ಗೋಡೆಯ ಮರುಧ್ವನಿಯನ್ನೂ ಹಿಗ್ಗಿಸುತ್ತದೆ. ಅವರಿಗೆ ಮೆತ್ತಗಾದ ಕೋಣೆ ಔಷಧದಷ್ಟೇ ಅಗತ್ಯ. ಮಾತು ಹಿಡಿಯದ ಹಿರಿಯರು ಕ್ರಮೇಣ ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಊರು ಬಿಟ್ಟು ಬಂದವರಿಗೆ ಆ ಒಂಟಿತನ ಇನ್ನಷ್ಟು ಭಾರ.

ಪರೀಕ್ಷೆ

ಕೆಲಸಕ್ಕೆ ಮೊದಲು ಕೋಣೆಯ ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ತಟ್ಟಿ ಅದರ ಬಾಲವನ್ನು ಆಲಿಸಬೇಕು. ಪರದೆ ಹಾಕಿದ ಮೇಲೊಮ್ಮೆ, ಕೌದಿ ತೂಗಿದ ಮೇಲೊಮ್ಮೆ ಮತ್ತೆ ತಟ್ಟಬೇಕು. ಬಾಲ ಮೊಟಕಾಗುತ್ತ ಬರುವುದು ಯಾರ ಕಿವಿಗಾದರೂ ತಿಳಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಮಾತಿನ ಪರೀಕ್ಷೆ. ಮನೆಯ ಅತಿ ಹಿರಿಯರನ್ನು ಆಸನದಲ್ಲಿ ಕುಳ್ಳಿರಿಸಿ, ಅವರಿಗೆ ಪರಿಚಯವಿಲ್ಲದ ಕನ್ನಡ ಭಾಷಣವನ್ನೋ ನಾಟಕವನ್ನೋ ಹಾಕಿ, ಪದ ಪದವೂ ತಿಳಿಯುವ ಅತಿ ಕಡಿಮೆ ಮಟ್ಟಕ್ಕೆ ಗುಂಡಿಯನ್ನು ತಿರುಗಿಸಿ ಅಲ್ಲಿ ಗುರುತು ಹಾಕಬೇಕು. ಪ್ರತಿ ಸುಧಾರಣೆಯ ನಂತರ ಆ ಗುರುತು ಕೆಳಕ್ಕೆ ಸರಿಯುತ್ತ ಬಂದರೆ ಶ್ರಮ ಸಾರ್ಥಕ.

ಧಾರವಾಡದ ಹಿರಿಯರ ಮನೆಯಲ್ಲಿ ಬೇಕಾದುದು ಇಷ್ಟೇ: ಎರಡು ಮೀಟರ್ ಅಂತರದಲ್ಲಿ ಒಂದು ಕುರ್ಚಿ, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಎರಡು ಗೋಡೆಗಳಿಗೆ ಟ್ರಂಕಿನಿಂದ ತೆಗೆದ ಕೌದಿಗಳು. ಆಗ ದಾಸರ ಪದದ ಸಾಹಿತ್ಯ ತಂದೆಗೆ ತಿಳಿಯುತ್ತದೆ, ನೆರೆಯವರಿಗೆ ನಿದ್ದೆ ಬರುತ್ತದೆ. ಮನೆಯಲ್ಲಿ ಮಾತ್ರವೇ ಕನ್ನಡ ಕೇಳಿ ಕಲಿಯುವ ಮೊಮ್ಮಗುವಿನ ಕಿವಿಗೆ ‘ಹಾಲು’ ಹಾಲಾಗಿಯೂ ‘ಸಾಲು’ ಸಾಲಾಗಿಯೂ ಬೀಳುತ್ತವೆ. ಪಕ್ಕದಲ್ಲಿ ಕುಳಿತ ಅಜ್ಜ ಒಂದೊಂದು ಪದದ ಅರ್ಥವನ್ನೂ ಮೆಲುದನಿಯಲ್ಲೇ ಹೇಳಿಕೊಡಬಹುದು.